ತೋಟದ ಮ್ಯಾನೇಜರ್‌ಗೆ ಕೋಚಿಂಗ್: ಈ 'ನಾಲ್ಕು ಮನೆ' ಲೆಕ್ಕ ನಮ್ಮಲ್ಲಿ ನಡೆಯುತ್ತಾ?

ಸುಂಟಿಕೊಪ್ಪ_ತೋಟ (ಪ್ರಶ್ನೆ, ಜನವರಿ 4)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರ್. ವಯಸ್ಸು 41. ಫೀಲ್ಡ್ ರೈಟರ್ (ತೋಟದ ಹಾಜರಿ, ಲೆಕ್ಕ ಬರೆಯುವವನು) ಆಗಿ ಸೇರಿದವನು, ಆಮೇಲೆ ಅಸಿಸ್ಟೆಂಟ್ ಆದೆ, ಹೋದ ಜೂನ್‌ನಿಂದ ಮ್ಯಾನೇಜರ್. ಎರಡು ಡಿವಿಷನ್ ಸೇರಿ 260 ಎಕರೆ. ಜಾಸ್ತಿ ರೋಬಸ್ಟಾ, ಮೇಲಿನ ಗುಡ್ಡದಲ್ಲಿ ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆ ಕರಿಮೆಣಸು. ಇಬ್ಬರು ರೈಟರ್, ನಾಲ್ಕು ಜನ ಮೇಸ್ತ್ರಿಗಳು. ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ, ಖಾಯಂ ಇರುವವರು ಸುಮಾರು 40 ಜನ. ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬರುವವರು ಬೇರೆ.

ನನ್ನ ತೊಂದರೆ ಒಂದೇ. ನನಗೆ ಯಾರೂ ಏನೂ ಹೇಳುವುದಿಲ್ಲ.

ಡಿಸೆಂಬರ್ 19ರ ಬೆಳಿಗ್ಗೆ ಹಾಜರಿಗೆ ಹೋದಾಗ ಕೊಯ್ಲಿನ 22 ಜನ ಇರಲಿಲ್ಲ. ರಾತ್ರಿಯೇ ಹೊರಟು ಹೋಗಿದ್ದರು. ಲೈನ್ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಲೆ ತಣ್ಣಗಿತ್ತು, ಗೋಡೆಗೆ ಹೊಡೆದ ಮೊಳೆಯಲ್ಲಿ ಒಂದು ಮಗುವಿನ ಸ್ವೆಟರ್ ಮಾತ್ರ ನೇತಾಡುತ್ತಿತ್ತು. ಅರೇಬಿಕಾ ಕೊನೆಯ ಸುತ್ತು ಬಾಕಿ, ರೋಬಸ್ಟಾ ಕೆಂಪಾಗಿ ನಿಂತಿದೆ. ಕೈಯೇ ಆಡಲಿಲ್ಲ. ಆಮೇಲೆ ಗೊತ್ತಾಗಿದ್ದು ಏನೆಂದರೆ, ಅವರು ಹೊರಡುವ ವಿಷಯ ಎರಡು ದಿನ ಮೊದಲೇ ಮೇಸ್ತ್ರಿಗಳಿಗೆ ಗೊತ್ತಿತ್ತು. ಒಬ್ಬ ರೈಟರ್‌ಗೂ ಗೊತ್ತಿತ್ತು. ಪ್ರತಿ ಶನಿವಾರ ಸಂಜೆ ಎಲ್ಲರನ್ನೂ ಕೂರಿಸಿ 'ಏನಾದರೂ ತೊಂದರೆ ಇದೆಯಾ' ಅಂತ ಕೇಳುತ್ತೇನೆ. 'ಏನಿಲ್ಲ ಸರ್', 'ಆಯ್ತು ಸರ್'. ಇಷ್ಟೇ ಉತ್ತರ.

ನನ್ನನ್ನು ಮ್ಯಾನೇಜರ್ ಮಾಡಿದಾಗಲೇ ಸಾವುಕಾರರು (ತೋಟದ ಮಾಲೀಕರು), ಜನರನ್ನು ನಡೆಸುವುದು ಕಲಿಯಲಿ ಅಂತ, ಬೆಂಗಳೂರಿನ ಒಬ್ಬ ಕೋಚ್ ಹತ್ತಿರ ಸೇರಿಸಿದ್ದಾರೆ. 6 ತಿಂಗಳು, 12 ಸೆಷನ್. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಶುರುವಾಯಿತು, ಕೊಯ್ಲಿನ ಗಡಿಬಿಡಿಯಲ್ಲಿ ಇಲ್ಲಿಯವರೆಗೆ 5 ಆಗಿವೆ. ವಿಡಿಯೋ ಕಾಲ್. ಬಂಗಲೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ, ಜೀಪನ್ನು ಮೇಲಿನ ನೀರಿನ ಟ್ಯಾಂಕ್ ಹತ್ತಿರ ನಿಲ್ಲಿಸಿ ಅಲ್ಲೇ ಕುಳಿತು ಮಾತಾಡುತ್ತೇನೆ.

ಅವರದು ಇಂಟಿಗ್ರಲ್ ಪದ್ಧತಿಯಂತೆ. ಮೊದಲ ದಿನವೇ ಒಂದು ಕೂಡಿಸುವ ಚಿಹ್ನೆ ಹಾಕಿ ನಾಲ್ಕು ಮನೆ ಮಾಡಿದರು. ಮೇಲೆ ಎಡಕ್ಕೆ ನನ್ನ ಒಳಗೆ ನಡೆಯುವುದು. ಮೇಲೆ ಬಲಕ್ಕೆ ಹೊರಗೆ ಕಾಣುವ ನನ್ನ ನಡೆ, ಮಾತು, ಮೈ. ಕೆಳಗೆ ಎಡಕ್ಕೆ ನಾವೆಲ್ಲ ಸೇರಿ ನಂಬಿಕೊಂಡು ಬಂದದ್ದು. ಕೆಳಗೆ ಬಲಕ್ಕೆ ವ್ಯವಸ್ಥೆ, ಅಂದರೆ ಕೂಲಿ, ಲೆಕ್ಕ, ಯಂತ್ರ, ನಿಯಮ. ನನಗೆ ತುಂಬಾ ಹಿಡಿಸಿತು. ಆದರೆ ಐದು ಸೆಷನ್ನೂ ಮೇಲಿನ ಎಡ ಮನೆಯಲ್ಲೇ ಕಳೆದವು. ನನಗೆ ಕೋಪ ಯಾಕೆ ಬರುತ್ತದೆ, ನನ್ನ ಅಪ್ಪ ಹೇಗಿದ್ದರು, ಉಸಿರು ಹೇಗೆ ತೆಗೆದುಕೊಳ್ಳಬೇಕು. ಪ್ರಯೋಜನ ಆಗಿಲ್ಲ ಅಂತ ಹೇಳುವುದಿಲ್ಲ. ಧ್ವನಿ ಏರುವ ಮೊದಲೇ ನನ್ನ ಭುಜ ಬಿಗಿಯಾಗುತ್ತದೆ, ಅದು ಈಗ ನನಗೆ ತಿಳಿಯುತ್ತದೆ. ಆದರೂ ಆ 22 ಜನ ಹೋಗಿದ್ದು ನನ್ನ ಉಸಿರಿನಿಂದ ಅಲ್ಲ, ಅಲ್ವಾ?

ಇನ್ನೊಂದು, ಒಂದು ಪರೀಕ್ಷೆ ಕೊಟ್ಟರು. ಅರ್ಧ ವಾಕ್ಯ ಇರುತ್ತದೆ, ನಾವು ತುಂಬಬೇಕು. ಅಂಥ 36. ಅದರ ಪ್ರಕಾರ ನಾನು 'ಎಕ್ಸ್‌ಪರ್ಟ್' ಹಂತದಲ್ಲಿದ್ದೇನೆ, ಮೇಲೆ ಇನ್ನೂ ನಾಲ್ಕು ಹಂತ ಇವೆ. ಅದನ್ನು ಓದಿದ ದಿನ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮತ್ತೆ, ಹೋದ ವಾರ ಸಾವುಕಾರರು ಕೋಚ್‌ಗೆ ಫೋನ್ ಮಾಡಿ 'ಇವನ ರಿಪೋರ್ಟ್ ಕಳಿಸಿ' ಅಂದಿದ್ದಾರಂತೆ. ಕಳಿಸಬಹುದಾ? ನಾನು ಏನೇನೋ ಹೇಳಿಕೊಂಡಿದ್ದೇನೆ.

ಉಳಿದ 7 ಸೆಷನ್ ಮುಂದುವರಿಸಲಾ, ಬಿಡಲಾ? ತೋಟದ ಕೆಲಸ ಗೊತ್ತಿರುವವರು, ಕೋಚಿಂಗ್ ಗೊತ್ತಿರುವವರು ಇಬ್ಬರೂ ಹೇಳಿ.

---

ವಿರಾಜಪೇಟೆ_ಮೈಸೂರು (ಜನವರಿ 5)

ಸರ್, ನಾನು ವಿರಾಜಪೇಟೆ ಕಡೆಯವಳು. ಮೈಸೂರಿನಲ್ಲಿ ಒಂದು ಫ್ಯಾಕ್ಟರಿಯಲ್ಲಿ 14 ವರ್ಷ ಎಚ್‌ಆರ್ ನೋಡಿಕೊಂಡೆ, ಈಗ 9 ವರ್ಷದಿಂದ ಕೋಚಿಂಗ್ ಮಾಡುತ್ತಿದ್ದೇನೆ. ನಾಲ್ಕು ಮನೆಯ ಪದ್ಧತಿಯನ್ನು ನಾನೂ ಬಳಸುತ್ತೇನೆ.

ಮೊದಲು ರಿಪೋರ್ಟ್ ವಿಷಯ, ಯಾಕೆಂದರೆ ಅದು ಈ ವಾರವೇ ಆಗಬೇಕು. ನೀವು ಜೀಪಿನಲ್ಲಿ ಕುಳಿತು ನಿಮ್ಮ ಅಪ್ಪನ ಬಗ್ಗೆ ಹೇಳಿದ್ದು ಸಾವುಕಾರರ ಮೇಜಿನ ಮೇಲೆ ಹೋಗಬಾರದು. ಹಣ ಕೊಡುವವರು ಒಬ್ಬರು, ಕೋಚಿಂಗ್ ಪಡೆಯುವವರು ಇನ್ನೊಬ್ಬರು ಆಗಿದ್ದಾಗ, ಶುರುವಿನಲ್ಲೇ ಮೂವರೂ ಕುಳಿತು ಏನು ಹೊರಗೆ ಹೋಗುತ್ತದೆ, ಏನು ಹೋಗುವುದಿಲ್ಲ ಅಂತ ಮಾತಾಡಿಕೊಳ್ಳಬೇಕು. ಸಾಮಾನ್ಯವಾಗಿ ಎಷ್ಟು ಸೆಷನ್ ಆಯಿತು, ಒಪ್ಪಿಕೊಂಡ ಗುರಿ ಏನು, ಇಷ್ಟೇ ಹೋಗುತ್ತದೆ. ಕೋಚ್‌ಗಳ ಅಂತರರಾಷ್ಟ್ರೀಯ ಸಂಘಟನೆ ಐಸಿಎಫ್ 1995ರಲ್ಲಿ ಶುರುವಾಯಿತು. ಅದರ ನೀತಿ ಸಂಹಿತೆಯಲ್ಲೂ ಈ ಗುಟ್ಟು ಕಾಪಾಡುವ ಒಪ್ಪಂದ ಇಬ್ಬರಿಗೂ ಸ್ಪಷ್ಟವಾಗಿರಬೇಕು ಅಂತಲೇ ಇದೆ. ನಿಮ್ಮ ಕೋಚ್‌ಗೆ ಇವತ್ತೇ ಮೆಸೇಜ್ ಹಾಕಿ: 'ನಾನು ಓದಿ ಒಪ್ಪದೆ ಏನನ್ನೂ ಕಳಿಸಬೇಡಿ.' ಅವರು ಒಳ್ಳೆಯ ಕೋಚ್ ಆಗಿದ್ದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಪಡುತ್ತಾರೆ.

ಒಂದು ಮಾತು ಕೇಳಿ ನೋಡಿ, ಅವರು ಎಷ್ಟು ಗಂಟೆ ಕೋಚಿಂಗ್ ಮಾಡಿದ್ದಾರೆ ಅಂತ. ಐಸಿಎಫ್‌ನ ಮೊದಲ ಮಟ್ಟದ ಸರ್ಟಿಫಿಕೇಟ್‌ಗೆ 100 ಗಂಟೆ, ಎರಡನೆಯದಕ್ಕೆ 500, ಕೊನೆಯದಕ್ಕೆ 2500 ಗಂಟೆಯ ಅನುಭವ ಬೇಕು. ಕೇಳುವುದು ತಪ್ಪಲ್ಲ.

ಈಗ ನಾಲ್ಕು ಮನೆ. ಇದು ಅಮೆರಿಕದ ಕೆನ್ ವಿಲ್ಬರ್ ಅವರದು. 1949ರಲ್ಲಿ ಹುಟ್ಟಿದವರು, 1995ರಲ್ಲಿ ಈ ಚಿತ್ರವನ್ನು ಪುಸ್ತಕದಲ್ಲಿ ಇಟ್ಟರು. ಅವರ ಯೋಚನೆಯ ಒಂದು ಬೇರು ನಮ್ಮ ಪಾಂಡಿಚೇರಿಯ ಅರವಿಂದರ ಪೂರ್ಣಯೋಗದಲ್ಲಿದೆ. ಅವರು ಹೇಳುವುದು ಇಷ್ಟು: ಯಾವ ಘಟನೆಗೂ ಒಳಗೊಂದು, ಹೊರಗೊಂದು ಮುಖ ಇರುತ್ತದೆ. ಒಬ್ಬರದ್ದೊಂದು, ಗುಂಪಿನದ್ದೊಂದು ಪಾಲು ಇರುತ್ತದೆ. ಒಂದನ್ನು ಬಿಟ್ಟರೂ ಚಿತ್ರ ಅರ್ಧ.

ಅದಕ್ಕೂ ಮೊದಲು ಬಂದ ಕೋಚಿಂಗ್ ಬೇರೆ ದಾರಿಯದು. 1974ರಲ್ಲಿ ತಿಮೊಥಿ ಗಾಲ್ವೇ ಟೆನಿಸ್ ಕಲಿಸುತ್ತಾ, ಆಟಗಾರನ ನಿಜವಾದ ಎದುರಾಳಿ ಅವನ ತಲೆಯೊಳಗೇ ಇದ್ದಾನೆ ಅಂತ ತೋರಿಸಿದರು. 1992ರಲ್ಲಿ ಜಾನ್ ವಿಟ್ಮೋರ್ ಅದನ್ನು ಆಫೀಸಿಗೆ ತಂದರು. ಗುರಿ ಏನು, ಈಗ ಎಲ್ಲಿದ್ದೀರಿ, ದಾರಿ ಯಾವುದಿದೆ, ಏನು ಮಾಡುತ್ತೀರಿ. ಈ ನಾಲ್ಕು ಪ್ರಶ್ನೆ ಇಂದಿಗೂ ಒಳ್ಳೆಯ ಪ್ರಶ್ನೆಗಳೇ. ಆದರೆ ಅವು ನಿಮ್ಮೊಬ್ಬರನ್ನೇ ಕೇಳುತ್ತವೆ. 22 ಜನ ರಾತ್ರಿ ಎದ್ದು ಹೋದ ಕಥೆ ನಿಮ್ಮೊಬ್ಬರ ಒಳಗೆ ಸಿಗುವುದಿಲ್ಲ.

ಹಾಗಾಗಿ ನಿಮ್ಮ ಅಸಮಾಧಾನ ಸರಿ. ಚಿತ್ರ ನಾಲ್ಕು ಮನೆಯದು, ಕೆಲಸ ಒಂದೇ ಮನೆಯಲ್ಲಿ ನಡೆದಿದೆ. ಇದು ನಾವು ಕೋಚ್‌ಗಳು ಮಾಡುವ ದೊಡ್ಡ ತಪ್ಪು. ನಾನೂ ಮಾಡಿದ್ದೇನೆ. ಒಬ್ಬ ಹೆಣ್ಣುಮಗಳು, ಲೈನ್ ಸೂಪರ್‌ವೈಸರ್. ಮೀಟಿಂಗಿನಲ್ಲಿ ಮಾತೇ ಆಡುತ್ತಿರಲಿಲ್ಲ, ಮಧ್ಯದಲ್ಲೇ ಎದ್ದು ಹೋಗುತ್ತಿದ್ದಳು. ನಾನು ಎರಡು ತಿಂಗಳು ಅವಳ ಆತ್ಮವಿಶ್ವಾಸದ ಮೇಲೆ ಕೆಲಸ ಮಾಡಿದೆ. ಕೊನೆಗೆ ಒಂದು ದಿನ ಅವಳೇ ಹೇಳಿದಳು: 'ಮೇಡಂ, ಮೀಟಿಂಗ್ ಐದೂವರೆಗೆ. ನಮ್ಮೂರಿಗೆ ಕೊನೇ ಬಸ್ 5:40ಕ್ಕೆ.' ಅವಳ ಒಳಗೆ ಯಾವ ಕೊರತೆಯೂ ಇರಲಿಲ್ಲ. ಆ ಎರಡು ತಿಂಗಳು ಅವಳಿಗೆ ಅನ್ಯಾಯ ಮಾಡಿದೆ ಅಂತ ಈಗಲೂ ಅನ್ನಿಸುತ್ತದೆ.

ನಿಮ್ಮ ಕೆಳಗಿನ ಎಡ ಮನೆಯ ಬಗ್ಗೆ ಒಂದು ಹೇಳುತ್ತೇನೆ, ನಾನೂ ಕೊಡಗಿನವಳಾದ್ದರಿಂದ. ನಮ್ಮ ಒಕ್ಕದಲ್ಲಿ (ಮನೆತನದಲ್ಲಿ) ಪಟ್ಟೆದಾರರು, ಅಂದರೆ ಮನೆತನದ ಹಿರಿಯರು, ಕುಳಿತಿದ್ದಾಗ ಕಿರಿಯರು ಬಾಯಿ ಬಿಡುವುದು ಕಮ್ಮಿ. ಕೇಳಿದರೂ 'ನೀವು ಹೇಳಿದ ಹಾಗೆ' ಅನ್ನುತ್ತಾರೆ. ಅದು ಹೆದರಿಕೆ ಅಲ್ಲ, ಮರ್ಯಾದೆ. ತೋಟಕ್ಕೂ ಅದೇ ಬಂದಿದೆ. ನಿಮ್ಮ ಮೇಸ್ತ್ರಿಗಳು 'ಆಯ್ತು ಸರ್' ಅಂದಾಗ ನಿಮಗೆ ಸುಳ್ಳು ಹೇಳುತ್ತಿಲ್ಲ, ಗೌರವ ಕೊಡುತ್ತಿದ್ದಾರೆ. ಎಲ್ಲರ ಎದುರು 'ತೊಂದರೆ ಇದೆ' ಅನ್ನುವುದು ಅವರ ಲೆಕ್ಕದಲ್ಲಿ ನಿಮ್ಮ ಆಡಳಿತಕ್ಕೆ ಬಯ್ದ ಹಾಗೆ. ಹಾಗಾಗಿ ಶನಿವಾರದ ಮೀಟಿಂಗಿನಲ್ಲಿ ಎಷ್ಟು ಸಲ ಕೇಳಿದರೂ ಉತ್ತರ ಬರುವುದಿಲ್ಲ. ಜಾಗ ಬದಲಾಗಬೇಕು, ಕೇಳುವ ರೀತಿ ಬದಲಾಗಬೇಕು.

ಹಂತದ ಪರೀಕ್ಷೆ. ಅರ್ಧ ವಾಕ್ಯ ತುಂಬುವ ಈ ಕ್ರಮ ಜೇನ್ ಲೋವಿಂಜರ್ ಎಂಬ ಮನಶ್ಶಾಸ್ತ್ರಜ್ಞೆಯದು. ಅದರ ಮೇಲೆ ಬಿಲ್ ಟೋರ್ಬರ್ಟ್ ಮತ್ತು ಜೊತೆಯವರು ನಾಯಕರ ಏಳು ಹಂತ ಮಾಡಿದರು. ಡೇವಿಡ್ ರೂಕ್ ಜೊತೆ ಅವರು 2005ರಲ್ಲಿ ಬರೆದ ಲೇಖನದ ಪ್ರಕಾರ, ಅವರು ನೋಡಿದ ಮ್ಯಾನೇಜರ್‌ಗಳಲ್ಲಿ 100ಕ್ಕೆ 38 ಜನ ಎಕ್ಸ್‌ಪರ್ಟ್, 30 ಜನ ಅದರ ಮುಂದಿನ ಅಚೀವರ್. ಎಲ್ಲಕ್ಕಿಂತ ಮೇಲಿನ ಹಂತದಲ್ಲಿ 1 ಮಾತ್ರ. ಅಂದರೆ ಎಲ್ಲಕ್ಕಿಂತ ಜಾಸ್ತಿ ಜನ ಇರುವ ಹಂತದಲ್ಲೇ ನೀವಿದ್ದೀರಿ. ಆ ಜನರೆಲ್ಲ ಅಮೆರಿಕ, ಯುರೋಪಿನ ಕಂಪನಿಗಳವರು, ಅದೂ ನೆನಪಿರಲಿ. ಐದು ಭಾಷೆ ಕೇಳಿಸುವ ಒಂದು ಕಣದಲ್ಲಿ ನಿಂತವರಲ್ಲ.

ಹಂತ ಅಂದ ಕೂಡಲೇ ನಮ್ಮ ದೇಶದಲ್ಲಿ ಮೇಲು-ಕೀಳು ನೆನಪಾಗುತ್ತದೆ, ಅದಕ್ಕೇ ನಿಮಗೆ ನಿದ್ದೆ ಬರಲಿಲ್ಲ. ಈ ಪದ್ಧತಿಯಲ್ಲಿ ನನಗೆ ಒಪ್ಪಿಗೆ ಇಲ್ಲದ ಜಾಗವೂ ಅದೇ. ಇನ್ನೊಬ್ಬರನ್ನು ಅಳೆಯಲು ಅದನ್ನು ಬಳಸಬಾರದು. ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಲು ಬಳಸಿ. ಎಕ್ಸ್‌ಪರ್ಟ್ ಅಂದರೆ ಕೆಲಸ ಗೊತ್ತಿರುವುದೇ ಬಲ ಆದವರು. ಹಣ್ಣಿನ ತುದಿಯ ಸೂಜಿಮೊನೆಯಷ್ಟು ತೂತು ನೋಡಿ ಬೋರರ್ ಹುಳ ಅಂತ ಹೇಳುವವರು ನೀವು. ಆದರೆ ಎಲ್ಲ ಗೊತ್ತಿರುವವರು 'ಏನಾದರೂ ತೊಂದರೆ ಇದೆಯಾ' ಅಂದಾಗ, ಕೇಳಿಸಿಕೊಳ್ಳುವವರಿಗೆ ಅದು ಪರೀಕ್ಷೆಯ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ಅರ್ಧ ಗೊತ್ತಿರುವ ಸುದ್ದಿಯನ್ನು ನಿಮ್ಮ ಹತ್ತಿರ ತರಲು ಅವರಿಗೆ ಧೈರ್ಯ ಬರುವುದಿಲ್ಲ. '22 ಜನ ಹೋಗಬಹುದೇನೋ' ಅನ್ನುವುದು ಅಂಥ ಅರ್ಧ ಸುದ್ದಿ.

ಬಿಡಬೇಡಿ. ಮುಂದಿನ ಸೆಷನ್‌ನಲ್ಲಿ ಡಿಸೆಂಬರ್ 19ನ್ನೇ ಮೇಜಿನ ಮೇಲೆ ಇಡಿ. ಅದೊಂದೇ ದಿನವನ್ನು ನಾಲ್ಕೂ ಮನೆಯಿಂದ ನೋಡಲು ಕೇಳಿ. ಅದಕ್ಕೆ ಅವರು ಒಪ್ಪದಿದ್ದರೆ ಆಗ ಬಿಡುವ ಯೋಚನೆ ಮಾಡಿ.

---

ಪಾಲಿಬೆಟ್ಟ_ಹಳಬ (ಜನವರಿ 5)

ನನಗೆ ಈಗ 67. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ ಕಡೆ 34 ವರ್ಷ ತೋಟ ನೋಡಿಕೊಂಡವನು. ನಮ್ಮ ಕಾಲದಲ್ಲಿ ಕೋಚ್ ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದೇ ಆಗುತ್ತಿತ್ತು ಅಂತ ಮೇಡಂ ಬರೆದಿದ್ದು ಓದಿ ಅನ್ನಿಸಿತು. ಹಾಗಾಗಿ ತಮ್ಮಾ, ಮುಂದುವರಿಸಿ.

ನಾನು ಬಲಗಡೆ ಕೆಳಗಿನ ಮನೆಯ ಬಗ್ಗೆ ಮಾತ್ರ ಹೇಳುತ್ತೇನೆ. ಅದೇ ನನಗೆ ಗೊತ್ತಿರುವುದು.

ನಿಮ್ಮ ತೋಟದಲ್ಲಿ ಸಂಜೆ ಹಣ್ಣು ತೂಗುವಾಗ ತಕ್ಕಡಿಯ ಮುಖ ಯಾವ ಕಡೆ ಇದೆ?

ಸುಮ್ನೆ ಕೇಳುತ್ತಿಲ್ಲ. ಕೊಯ್ಲಿನವರ ದಿನ ಪೂರ್ತಿ ಬಂದು ನಿಲ್ಲುವುದು ಆ ಒಂದು ನಿಮಿಷದಲ್ಲಿ. ಬೆಳಿಗ್ಗೆ ಮಂಜಿನಲ್ಲಿ ಗಿಡದ ಕೆಳಗೆ ಟಾರ್ಪಲ್ ಹಾಸಿ ಶುರು ಮಾಡಿದವಳು, ಮಗುವನ್ನು ಅಲ್ಲೇ ಮಲಗಿಸಿದವಳು, ಸಂಜೆ ಚೀಲ ಹೊತ್ತು ತರುತ್ತಾಳೆ. ಕಿಲೋ ಲೆಕ್ಕದಲ್ಲಿ ಕೂಲಿ. ರೈಟರ್ ಒಂದು ಸಂಖ್ಯೆ ಕೂಗುತ್ತಾನೆ, ಪುಸ್ತಕದಲ್ಲಿ ಬರೆಯುತ್ತಾನೆ. ಆ ಸಂಖ್ಯೆ ಅವಳಿಗೆ ಕಾಣದಿದ್ದರೆ ಅವಳು ಏನು ನಂಬಬೇಕು? ಚೀಲದ ತೂಕ ಅಂತ ಎಷ್ಟು ಕಳೆಯುತ್ತೀರಿ? ಎಲೆ, ಕಡ್ಡಿ, ಹಸಿಕಾಯಿ ಅಂತ ಎಷ್ಟು? ಅದನ್ನು ಯಾರು ಶುರು ಮಾಡಿದರು, ಯಾವಾಗ? ತೋಟ ಬದಲಾದರೂ ಮ್ಯಾನೇಜರ್ ಬದಲಾದರೂ ಈ ಕಡಿತ ಹಾಗೇ ಉಳಿದುಬಿಡುತ್ತದೆ. ಯಾರೂ ಕೇಳುವುದಿಲ್ಲ, ಯಾಕೆಂದರೆ ಕೇಳಬೇಕಾದವರು ಕೇಳುವ ಜಾಗದಲ್ಲಿಲ್ಲ.

ಆಫೀಸಿನಲ್ಲಿ ಕೂರಬೇಡಿ. ಒಂದು ವಾರ ತೂಕದ ಹತ್ತಿರ ನಿಲ್ಲಿ. ಮಾತಾಡಬೇಡಿ, ತಪ್ಪು ಹಿಡಿಯಬೇಡಿ. ಚೀಲ ಎತ್ತಲು ಕೈ ಕೊಡಿ. ಮೂರನೇ ದಿನದಿಂದ ಜನ ನಿಮ್ಮನ್ನು ಮರೆತು ತಮ್ಮ ತಮ್ಮಲ್ಲಿ ಮಾತಾಡಲು ಶುರು ಮಾಡುತ್ತಾರೆ. ಆಗ ಕೇಳಿಸಿಕೊಳ್ಳಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಎಷ್ಟೋ ತೋಟಗಳಲ್ಲಿ ಜನರನ್ನು ರಾತ್ರೋರಾತ್ರಿ ಸಾಗಿಸಬೇಕಾಯಿತು. ನಮ್ಮ ಕಡೆ ಅಷ್ಟು ಆಗಲಿಲ್ಲ. ಆದರೆ ಆ ಮಳೆಯಲ್ಲಿ ಲೈನಿನ ಹಿಂದಿನ ದರೆಯಲ್ಲಿ ಬಿರುಕು ಬಿಟ್ಟಿದೆ ಅಂತ ನನಗೆ ಮೊದಲು ಹೇಳಿದ್ದು ರೈಟರ್ ಅಲ್ಲ, ಮೇಸ್ತ್ರಿ ಅಲ್ಲ. ದನದ ಹಟ್ಟಿಯ ಕೆಲಸದ ಒಬ್ಬ ಮುದುಕಿ. ಸಂಜೆ ಐದು ಗಂಟೆಗೆ ಬಂದು ಹೇಳಿದಳು, ಏಳಕ್ಕೆ ಎಲ್ಲರನ್ನೂ ಸ್ಟೋರಿಗೆ ಕಳಿಸಿದೆ, ರಾತ್ರಿ ಎರಡು ಮನೆಯ ಗೋಡೆ ಬಿತ್ತು. ಅವಳು ಯಾಕೆ ನನ್ನ ಹತ್ತಿರ ಬಂದಳು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನಾನು ದಿನಾ ಬೆಳಿಗ್ಗೆ ಹಟ್ಟಿಯ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದೆ, ಹಾಲು ಎಷ್ಟು ಅಂತ ಕೇಳುತ್ತಿದ್ದೆ. ಅಷ್ಟೇ. ಬೇರೆ ಏನೂ ಕಾರಣ ನನಗೆ ಸಿಕ್ಕಿಲ್ಲ.

---

ಸೋಮವಾರಪೇಟೆ_ಅಕ್ಕ (ಜನವರಿ 7)

ನಾನು ಎಸ್ಟೇಟಿನವಳಲ್ಲ, ನಮ್ಮದು ಎರಡೂವರೆ ಎಕರೆ. ಇಲ್ಲಿ ಸಣ್ಣ ಬೆಳೆಗಾರರೆಲ್ಲ ಸೇರಿ ಒಂದು ರೈತ ಉತ್ಪಾದಕ ಕಂಪನಿ ಮಾಡಿದ್ದೇವೆ, ಅದರ ನಿರ್ದೇಶಕರಲ್ಲಿ ನಾನೂ ಒಬ್ಬಳು. ಒಂದು ತರಬೇತಿಯಲ್ಲಿ ನಮಗೆ ಬೇರೆ ನಾಲ್ಕು ಮನೆ ಕಲಿಸಿದರು. ಅದು ರಾಬರ್ಟ್ ಕೀಗನ್, ಲೀಸಾ ಲಾಹಿ ಇಬ್ಬರೂ ಸೇರಿ 2009ರಲ್ಲಿ ಬರೆದದ್ದಂತೆ. ನಿಮ್ಮ ಕೋಚ್‌ಗೆ ಖಂಡಿತ ಗೊತ್ತಿರುತ್ತದೆ, ಕೇಳಿ.

ಒಂದು ಹಾಳೆಯಲ್ಲಿ ನಾಲ್ಕು ಸಾಲು ಮಾಡಬೇಕು. ಮೊದಲನೆಯದರಲ್ಲಿ ನಾನು ಏನು ಬದಲಾಯಿಸಬೇಕು. ಎರಡನೆಯದರಲ್ಲಿ ಅದಕ್ಕೆ ಉಲ್ಟಾ ನಾನು ನಿಜವಾಗಿ ಏನು ಮಾಡುತ್ತಿದ್ದೇನೆ. ಮೂರನೆಯದು ಕಷ್ಟದ್ದು: ಹಾಗೆ ಮಾಡುವುದರಿಂದ ನಾನು ಏನನ್ನು ಕಾಪಾಡಿಕೊಳ್ಳುತ್ತಿದ್ದೇನೆ. ನಾಲ್ಕನೆಯದರಲ್ಲಿ ಅದರ ಕೆಳಗೆ ಇರುವ ನನ್ನ ನಂಬಿಕೆ.

ನಾನು ಬರೆದಿದ್ದು ಹೀಗೆ. ಗೋಡೌನ್ ಜವಾಬ್ದಾರಿಯನ್ನು ಚಿಕ್ಕವರಿಗೆ ಕೊಡಬೇಕು. ಆದರೆ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಮೆಣಸಿನ ತೂಕದಲ್ಲಿ ಒಂದು ಕಿಲೋ ಹೆಚ್ಚು-ಕಮ್ಮಿ ಆದರೂ ಊರಿನಲ್ಲಿ ನನ್ನ ಹೆಸರು ಬರುತ್ತದೆ, ಅದನ್ನು ಕಾಪಾಡಿಕೊಳ್ಳುತ್ತಿದ್ದೇನೆ. ಕೊನೆಯ ಸಾಲಿಗೆ ಅರ್ಧ ಗಂಟೆ ಹಿಡಿಯಿತು. 'ಬೀಗದ ಕೈ ನನ್ನ ಹತ್ತಿರ ಇಲ್ಲದಿದ್ದರೆ ಯಾರೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.' ಬರೆದು ಅತ್ತುಬಿಟ್ಟೆ. ಪಕ್ಕದಲ್ಲಿದ್ದವರೂ ಏನೂ ಕೇಳಲಿಲ್ಲ, ಅವರ ಹಾಳೆಯಲ್ಲೂ ಇಂಥದ್ದೇ ಇತ್ತು ಅನ್ನಿಸುತ್ತದೆ.

ಆಮೇಲೆ ಆ ನಂಬಿಕೆಗೆ ಒಂದು ಸಣ್ಣ ಪರೀಕ್ಷೆ ಮಾಡಬೇಕು. ಒಂದೇ ದಿನ ಕೀ ಕೊಟ್ಟು ಮಡಿಕೇರಿಗೆ ಹೋದೆ. ಸಂಜೆ ಬಂದಾಗ ಲೆಕ್ಕ ಸರಿ ಇತ್ತು. ಚಾಪೆ ಮಾತ್ರ ನಾನು ಇಡುವ ಜಾಗದಲ್ಲಿ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು. ಹಾಗಾದರೆ ನನ್ನ ಸಿಟ್ಟು ಲೆಕ್ಕಕ್ಕಲ್ಲ ಅಂತ ಆಗ ಗೊತ್ತಾಯಿತು.

ನೀವು 'ಜನ ನನಗೆ ಹೇಳಬೇಕು' ಅನ್ನುತ್ತೀರಿ. ಹೇಳಿದಾಗ ನೀವು ಏನು ಮಾಡುತ್ತೀರಿ, ಅದನ್ನು ಎರಡನೇ ಸಾಲಿನಲ್ಲಿ ಬರೆಯಿರಿ.

---

ಸುಂಟಿಕೊಪ್ಪ_ತೋಟ (ಫೆಬ್ರವರಿ 17)

ಮೂವರಿಗೂ ತುಂಬಾ ಧನ್ಯವಾದ. ಇಷ್ಟು ದಿನ ಬರೆಯಲು ಆಗಲಿಲ್ಲ. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದೆ, ಕೆಳಗಿನ ಬ್ಲಾಕ್‌ನಲ್ಲಿ ಸ್ಪ್ರಿಂಕ್ಲರ್ ಪೈಪ್ ಇಳಿಸುತ್ತಿದ್ದೇವೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರುತ್ತೋ ಇಲ್ಲವೋ, ನೀರು ಕೊಡಲೇಬೇಕು.

ಮೇಡಂ, ಅವತ್ತೇ ಕೋಚ್‌ಗೆ ಮೆಸೇಜ್ ಹಾಕಿದೆ. ಅವರು ಇನ್ನೂ ಏನೂ ಕಳಿಸಿರಲಿಲ್ಲ. ಸಾವುಕಾರರ ಜೊತೆ ಮೂವರೂ ಫೋನಿನಲ್ಲಿ 20 ನಿಮಿಷ ಮಾತಾಡಿದೆವು. ಸೆಷನ್ ಸಂಖ್ಯೆ, ಎರಡು ಗುರಿ, ಇಷ್ಟೇ ಹೋಗುತ್ತದೆ ಅಂತ ಮೇಲ್‌ನಲ್ಲಿ ಬಂತು. ಮೊದಲ ದಿನವೇ ಇದನ್ನು ಮಾಡಬೇಕಿತ್ತು ಅಂತ ಕೋಚ್ ನನ್ನ ಹತ್ತಿರ ಕ್ಷಮೆ ಕೇಳಿದರು. ಅವರ ಮೇಲೆ ನನಗೆ ಇದ್ದ ಗೌರವ ಅದರಿಂದ ಜಾಸ್ತಿಯಾಯಿತು.

ಪಾಲಿಬೆಟ್ಟದ ಸರ್, ನಿಮ್ಮ ಪ್ರಶ್ನೆಗೆ ಉತ್ತರ. ತಕ್ಕಡಿಯ ಮುಖ ರೈಟರ್ ಕಡೆಗೆ ಇತ್ತು.

ಎಲೆಕ್ಟ್ರಾನಿಕ್ ತಕ್ಕಡಿ, ಎರಡು ವರ್ಷದ ಹಿಂದೆ ನಾನೇ ಹಠ ಮಾಡಿ ತರಿಸಿದ್ದು. ಕೆಂಪು ಅಂಕೆ ಬೆಳಗುವ ಡಬ್ಬಿ ಒಂದು ಮೇಜಿನ ಮೇಲೆ, ರೈಟರ್ ಕುರ್ಚಿಯ ಎದುರು. ಚೀಲ ತಂದವರು ಆಚೆ ಕಡೆ ನಿಲ್ಲುತ್ತಾರೆ. ಅವರಿಗೆ ಕಾಣುವುದು ಡಬ್ಬಿಯ ಬೆನ್ನು ಮತ್ತು ಒಂದು ವೈರ್. ದಿನಾ ನೋಡಿದ್ದೇನೆ ಸರ್, ಎರಡು ವರ್ಷ. ಆದರೆ ರೈಟರ್ ಪಕ್ಕ ನಿಂತು ನೋಡಿದ್ದೆ. ಜನವರಿ 6ರ ಸಂಜೆ ಮೊದಲ ಸಲ ಆಚೆ ಕಡೆ ಹೋಗಿ ನಿಂತೆ. ನನ್ನ ಪಕ್ಕದಲ್ಲಿದ್ದ ಹುಡುಗಿ ಕತ್ತು ಉದ್ದ ಮಾಡಿ ರೈಟರ್ ಕನ್ನಡಕ ನೋಡುತ್ತಿದ್ದಳು. ಯಾಕೆ ಅಂತ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಕನ್ನಡಕದ ಗಾಜಿನಲ್ಲಿ ಕೆಂಪು ಅಂಕೆ ಕಾಣುತ್ತಿತ್ತು. ಉಲ್ಟಾ. ಅವಳು ಅದನ್ನು ಓದಲು ಪ್ರಯತ್ನ ಮಾಡುತ್ತಿದ್ದಳು.

ಅವತ್ತು ರಾತ್ರಿ ಊಟ ಸೇರಲಿಲ್ಲ.

ಕಡಿತ ಕೇಳಿದಿರಲ್ಲ, ಚೀಲಕ್ಕೆ 2 ಕಿಲೋ. ಖಾಲಿ ಚೀಲ ತೂಗಿ ನೋಡಿದೆ, ಮುಕ್ಕಾಲು ಕಿಲೋ ಕೂಡ ಇಲ್ಲ. ಉಳಿದಿದ್ದು ಎಲೆ-ಕಡ್ಡಿಗೆ ಅಂತ. ಯಾವಾಗ ಶುರುವಾಯಿತು ಅಂತ ಯಾರಿಗೂ ಗೊತ್ತಿಲ್ಲ, ನಾನು ಸೇರಿದಾಗಲೂ ಇತ್ತು. ಸಾವುಕಾರರಿಗೆ ಲೆಕ್ಕ ಹಾಕಿ ತೋರಿಸಿದೆ. ಈಗ 1 ಕಿಲೋ ಮಾಡಿದ್ದೇವೆ. ಕಸ ಜಾಸ್ತಿ ಇದ್ದರೆ ಚೀಲ ಸುರಿದು ತೋರಿಸಿ ವಾಪಸ್ ಆರಿಸಲು ಕೊಡುತ್ತೇವೆ. ಅಂಕೆಯ ಡಬ್ಬಿಯನ್ನು ಒಂದು ಕಂಬಕ್ಕೆ ಹೊಡೆಸಿದೆ, ಎರಡೂ ಕಡೆಯವರು ಓದಬಹುದು.

ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳಲು ಆಗುವುದಿಲ್ಲ. ಹಳೆಯ ರೈಟರ್ ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟರು. 26 ವರ್ಷದಿಂದ ಬರೆಯುತ್ತಿರುವವರು. ಫೀಲ್ಡ್ ರೈಟರ್ ಆಗಿ ಬಂದಾಗ ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯಲು ನನಗೆ ಕಲಿಸಿದ್ದೇ ಅವರು. ಡಬ್ಬಿ ತಿರುಗಿಸಿದ್ದು ಅವರಿಗೆ 'ನೀನು ಕಳ್ಳ' ಅಂದ ಹಾಗೆ ಕೇಳಿಸಿದೆ. ಅವರಿಗೆ ಮೊದಲು ಹೇಳದೆ ಕಂಬಕ್ಕೆ ಹೊಡೆಸಿದ್ದು ನನ್ನ ತಪ್ಪು. ಮೇಡಂ ಹೇಳಿದ ಕೆಳಗಿನ ಎಡ ಮನೆ ಇದೇ ಅಲ್ವಾ? ಬಲ ಮನೆಯಲ್ಲಿ ಒಂದು ಮೊಳೆ ಹೊಡೆದರೆ ಎಡ ಮನೆಯಲ್ಲಿ ಯಾರಿಗೋ ಚುಚ್ಚುತ್ತದೆ. ಮೂರನೇ ದಿನ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಮಾತಾಡಲಿಲ್ಲ. ಹೊರಡುವಾಗ ಗೇಟಿನವರೆಗೆ ಬಂದು ಹೇಳಿದರು: 'ಆ 22 ಜನರ ವಿಷಯ ನಿನಗೆ ಹೇಳಲು ಬಂದಿದ್ದೆ. ಅವತ್ತು ನೀನು ಪಲ್ಪರ್ ಮೆಷಿನ್ ಮುಂದೆ ಯಾರಿಗೋ ಬಯ್ಯುತ್ತಿದ್ದೆ. ವಾಪಸ್ ಹೋದೆ.'

ಸೋಮವಾರಪೇಟೆಯ ಅಕ್ಕ, ಇದನ್ನೇ ಎರಡನೇ ಸಾಲಿನಲ್ಲಿ ಬರೆದೆ. ಮೂರನೆಯದು ಕೋಚ್ ಜೊತೆ ಎಂಟನೇ ಸೆಷನ್‌ನಲ್ಲಿ ಬಂತು. ನಾನು ರೈಟರ್ ಆಗಿ ಬಂದವನು. ನನಗೆ ಗೊತ್ತಿಲ್ಲದ್ದು ಯಾರಾದರೂ ಹೇಳಿದರೆ, 'ಇವನು ಇನ್ನೂ ರೈಟರೇ' ಅಂತ ಜನ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಅದಕ್ಕೇ ಸುದ್ದಿ ತಂದವರಿಗೆ 'ನನಗೆ ಗೊತ್ತು' ಅಂದುಬಿಡುತ್ತೇನೆ. ಎಷ್ಟು ಸಲ ಅನ್ನುತ್ತೇನೆ ಅಂತ ಒಂದು ವಾರ ಎಣಿಸಲು ಕೋಚ್ ಹೇಳಿದರು. ಅಂಗಿ ಜೇಬಿನಲ್ಲಿ ಕಾಫಿ ಬೀಜ ಇಟ್ಟುಕೊಂಡು, ಹಾಗೆ ಅಂದಾಗಲೆಲ್ಲ ಒಂದನ್ನು ಬಲ ಜೇಬಿನಿಂದ ಎಡಕ್ಕೆ ಹಾಕಿದೆ. ಮೊದಲ ದಿನ 14. ಮೊನ್ನೆ 5.

ಶನಿವಾರದ ಮೀಟಿಂಗ್ ನಿಲ್ಲಿಸಿಲ್ಲ, ಅದನ್ನು ಕಣಕ್ಕೆ ತಂದಿದ್ದೇನೆ. ಒಣಗಿದ ಕಾಫಿ ರಾಶಿ ಮಾಡಿ ಟಾರ್ಪಲ್ ಮುಚ್ಚುತ್ತಾ ಮಾತಾಡುತ್ತೇವೆ. ಕೈಗೆ ಕೆಲಸ ಇದ್ದಾಗ ಬಾಯಿ ಸ್ವಲ್ಪ ಬಿಡುತ್ತಾರೆ. ಹೋದ ವಾರ ಒಬ್ಬ ಮೇಸ್ತ್ರಿ, ನನ್ನ ಮುಖ ನೋಡದೆಯೇ, ಎರಡನೇ ಲೈನಿನ ನಲ್ಲಿಯಲ್ಲಿ ನಾಲ್ಕು ದಿನದಿಂದ ಕೆಸರು ನೀರು ಬರುತ್ತಿದೆ ಅಂದರು. 'ನನಗೆ ಗೊತ್ತು' ಅಂತ ಬಾಯಿಯವರೆಗೆ ಬಂತು. ಗೊತ್ತಿರಲಿಲ್ಲ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ, ಗೊತ್ತಿರುವವರು ಹೇಳಿ. ಕೊಯ್ಲಿನವರನ್ನು ಕರೆತರುವ ಏಜೆಂಟ್ ಮುಂಗಡದಲ್ಲಿ ಎಷ್ಟು ತಾನು ಇಟ್ಟುಕೊಳ್ಳುತ್ತಾನೆ ಅನ್ನುವುದು ನಮಗೂ ತಿಳಿಯುವುದಿಲ್ಲ, ಆ ಜನರಿಗೂ ತಿಳಿಯುವುದಿಲ್ಲ. ಮುಂದಿನ ವರ್ಷ ಹಣ ನೇರವಾಗಿ ಅವರವರ ಖಾತೆಗೇ ಹಾಕಬೇಕು ಅಂತ ಸಾವುಕಾರರಿಗೆ ಕೇಳಿದ್ದೇನೆ. ಹಾಗೆ ಮಾಡಿದರೆ ಏಜೆಂಟ್ ಜನರನ್ನೇ ಬೇರೆ ತೋಟಕ್ಕೆ ತಿರುಗಿಸಿಬಿಡುತ್ತಾನೆ ಅಂತ ಹಳೆಯ ರೈಟರ್ ಹೇಳುತ್ತಾರೆ. ನಿಮ್ಮ ಕಡೆ ಯಾರಾದರೂ ಹೀಗೆ ಮಾಡಿ ನೋಡಿದ್ದೀರಾ?